ಒಂದೇ ಮನೆಯಲ್ಲಿ ಎಲ್ಲರಿಗೂ ಟಿಬಿ ಏಕೆ ಬರುವುದಿಲ್ಲ?

ಮೈಸೂರಿನವರಿಗೆ ಪಿಕೆಟಿಬಿ ಆಸ್ಪತ್ರೆಯ ಹೆಸರು ಗೊತ್ತೇ ಇರುತ್ತದೆ. ಪಿಕೆ ಎಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ, ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ. ಆಕೆ ಕ್ಷಯದಿಂದ ತೀರಿಕೊಂಡರು. ಆಕೆಯ ಹೆಣ್ಣುಮಕ್ಕಳೂ ಅದೇ ಕಾಯಿಲೆಗೆ ಬಲಿಯಾದರು. ಆ ನೆನಪಿಗೆ ಕಟ್ಟಿಸಿದ ಆಸ್ಪತ್ರೆ ಅದು. ರಾಜಮನೆತನದಲ್ಲಿ ಊಟಕ್ಕೋ ಆರೈಕೆಗೋ ಕೊರತೆ ಇರಲಿಲ್ಲ. ಆದರೂ ತಾಯಿ ಮಕ್ಕಳಿಬ್ಬರಿಗೂ ಒಂದೇ ಕಾಯಿಲೆ ಬಂತು. ಇದಕ್ಕೆ ಎರಡು ಕಾರಣ ಹೇಳಬಹುದು. ತಾಯಿ ಕೆಮ್ಮಿದ ಗಾಳಿಯನ್ನೇ ಮಕ್ಕಳೂ ಉಸಿರಾಡಿದರು. ಅಥವಾ ತಾಯಿಯಿಂದ ಮಕ್ಕಳಿಗೆ ಬೇರೇನೋ ಒಂದು ಹುಟ್ಟಿನಿಂದಲೇ ಬಂದಿತ್ತು.

ಹಿಂದಿನವರು ಎರಡನೆಯದನ್ನೇ ನಂಬಿದ್ದರು. ಭಾರತದಲ್ಲೂ ಯುರೋಪಿನಲ್ಲೂ ಕ್ಷಯ ಎಂದರೆ ವಂಶದ ಕಾಯಿಲೆ. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ತೋರಿಸಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಇದು ಅಂಟುವ ಕಾಯಿಲೆ, ರಕ್ತದಲ್ಲಿ ಬರುವುದಲ್ಲ ಎಂದು ಡಾಕ್ಟರುಗಳು ಹೇಳತೊಡಗಿದರು. ಅದು ನಿಜವೂ ಹೌದು. ರೋಗಾಣು ಇಲ್ಲದೆ ಟಿಬಿ ಇಲ್ಲ.

ಆದರೆ ರೋಗಾಣು ಇದ್ದರೆ ಸಾಕೇ? ಅಲ್ಲೇ ಸಿಕ್ಕು. ಜಗತ್ತಿನ ಸುಮಾರು ಕಾಲು ಭಾಗ ಜನರ ಮೈಯೊಳಗೆ ಈ ರೋಗಾಣು ಹೊಕ್ಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಜೀವಮಾನದಲ್ಲಿ ಎಂದಾದರೂ ಕಾಯಿಲೆ ಬೀಳುವವರು ಶೇ. 5ರಿಂದ 10ರಷ್ಟು ಮಾತ್ರ. ಉಳಿದ ಒಂಬತ್ತು ಪಾಲಿಗೂ ಜಾಸ್ತಿ ಜನ ಕೆಮ್ಮೂ ಇಲ್ಲದೆ, ಜ್ವರವೂ ಇಲ್ಲದೆ, ವಿಷಯವೇ ಗೊತ್ತಿಲ್ಲದೆ ಬದುಕಿ ಮುಗಿಸುತ್ತಾರೆ. ಹಾಗಾದರೆ ಆ ಹತ್ತರಲ್ಲಿ ಒಬ್ಬರು ಯಾರು, ಯಾಕೆ ಅವರೇ?

ಈ ಪ್ರಶ್ನೆಗೆ ಬಹಳ ಕೆಟ್ಟ ರೀತಿಯಲ್ಲಿ ಒಂದು ಉತ್ತರ ಸಿಕ್ಕಿತು. ಜರ್ಮನಿಯ ಲ್ಯೂಬೆಕ್ ಎಂಬ ಊರಿನಲ್ಲಿ 1929ರ ಕೊನೆಯಿಂದ 1930ರ ಏಪ್ರಿಲ್‌ವರೆಗೆ ನವಜಾತ ಶಿಶುಗಳಿಗೆ ಟಿಬಿ ತಡೆಯುವ ಬಿಸಿಜಿ ಲಸಿಕೆ ಕೊಟ್ಟರು. ಆಗ ಅದನ್ನು ಬಾಯಿಗೆ ಹಾಕುತ್ತಿದ್ದರು. ಲಸಿಕೆ ತಯಾರಿಸಿದ ಲ್ಯಾಬ್‌ನಲ್ಲಿ ನಿಜವಾದ ಕ್ಷಯದ ರೋಗಾಣು ಅದರೊಳಗೆ ಬೆರೆತುಹೋಗಿತ್ತು. ಸುಮಾರು 250 ಕೂಸುಗಳು ಜೀವಂತ ಟಿಬಿಯನ್ನು ನುಂಗಿದವು. 70ಕ್ಕೂ ಹೆಚ್ಚು ಮಕ್ಕಳು ಸತ್ತವು. ಪ್ರಕರಣ ಕೋರ್ಟಿಗೆ ಹೋಗಿ ಇಬ್ಬರು ವೈದ್ಯರಿಗೆ ಜೈಲು ಶಿಕ್ಷೆ ಆಯಿತು.

ಉಳಿದ ಮಕ್ಕಳ ಕಥೆ ಕೇಳಿ. ಅವುಗಳಲ್ಲಿ ಬಹಳಷ್ಟು ಕಾಯಿಲೆ ಬಿದ್ದು ಚೇತರಿಸಿಕೊಂಡವು. ಕೆಲವು ಮಕ್ಕಳಿಗೆ ಚರ್ಮದ ಪರೀಕ್ಷೆಯಲ್ಲಿ ಗುರುತು ಬಂತೇ ಹೊರತು ಕಾಯಿಲೆಯೇ ಬರಲಿಲ್ಲ. ಆಗ ಟಿಬಿಗೆ ಔಷಧಿಯೂ ಇರಲಿಲ್ಲ ಎಂಬುದನ್ನು ನೆನಪಿಡಿ. ಒಂದೇ ಊರು, ಒಂದೇ ವಯಸ್ಸು, ಒಂದೇ ರೋಗಾಣು, ಆದರೆ ಫಲ ಬೇರೆ ಬೇರೆ. ಬಹಳ ಕಾಲ ಇದನ್ನು 'ಹುಟ್ಟುಗುಣದ ಶಕ್ತಿ' ಎಂದೇ ಪಾಠ ಹೇಳುತ್ತಿದ್ದರು. ಇತ್ತೀಚೆಗೆ ಹಳೆಯ ದಾಖಲೆಗಳನ್ನು ಮತ್ತೆ ನೋಡಿದವರು ಇನ್ನೊಂದು ಮಾತು ಸೇರಿಸಿದ್ದಾರೆ. ಲಸಿಕೆಯ ಎಲ್ಲ ಬ್ಯಾಚ್‌ಗಳಲ್ಲೂ ಕಲಬೆರಕೆ ಒಂದೇ ಮಟ್ಟದಲ್ಲಿ ಇರಲಿಲ್ಲ. ಜಾಸ್ತಿ ರೋಗಾಣು ಹೊಟ್ಟೆಗೆ ಹೋದ ಮಕ್ಕಳು ಜಾಸ್ತಿ ಸತ್ತವು. ಅಂದರೆ ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ. ಟಿಬಿ ಮತ್ತು ಜೀನ್‌ಗಳ, ಅಂದರೆ ತಂದೆ ತಾಯಿಯಿಂದ ಬರುವ ಹುಟ್ಟುಗುಣದ ಸೂತ್ರಗಳ, ಇಡೀ ಕಥೆಯಲ್ಲಿ ಇದೇ ಆಗುತ್ತಾ ಬಂದಿದೆ. ಜೀನ್ ಎಂದು ಕಂಡದ್ದರ ಹಿಂದೆ ಇನ್ನೇನೋ ಇರುತ್ತದೆ. ಇನ್ನೇನೋ ಎಂದು ಬಿಟ್ಟದ್ದರೊಳಗೆ ಜೀನ್ ಇರುತ್ತದೆ.

ಇವೆರಡನ್ನು ಬಿಡಿಸಿ ನೋಡಲು ಹಳೆಯ ಉಪಾಯ ಎಂದರೆ ಅವಳಿಗಳು. ತದ್ರೂಪಿ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಸಾಮಾನ್ಯ ಅವಳಿಗಳು ಅಣ್ಣತಮ್ಮಂದಿರಿದ್ದ ಹಾಗೆ, ಅರ್ಧದಷ್ಟು ಮಾತ್ರ ಸಮ. ಇಬ್ಬರೂ ಬೆಳೆಯುವುದು ಒಂದೇ ಮನೆಯಲ್ಲಿ. ಒಬ್ಬರಿಗೆ ಟಿಬಿ ಬಂದಾಗ ಇನ್ನೊಬ್ಬರಿಗೂ ಬರುವುದು ತದ್ರೂಪಿಗಳಲ್ಲೇ ಜಾಸ್ತಿ ಆದರೆ, ಆ ಜಾಸ್ತಿಯ ಹಿಂದೆ ಜೀನ್ ಇದೆ ಎನ್ನಬಹುದು. 1943ರಲ್ಲಿ ನ್ಯೂಯಾರ್ಕ್‌ನ ಅವಳಿಗಳನ್ನು ನೋಡಿದ ಕಾಲ್ಮನ್ ಮತ್ತು ರೈಸ್ನರ್ ಅವರಿಗೆ ಈ ವ್ಯತ್ಯಾಸ ಬಹಳ ದೊಡ್ಡದಾಗಿ ಕಂಡಿತು. ಆಮೇಲೆ ಇಂಗ್ಲೆಂಡಿನ ಪ್ರಾಫಿಟ್ ಎಂಬ ಟಿಬಿ ಸಮೀಕ್ಷೆಯ ಅವಳಿಗಳನ್ನು 1978ರಲ್ಲಿ ಜಾರ್ಜ್ ಕಾಮ್‌ಸ್ಟಾಕ್ ಮತ್ತೆ ಲೆಕ್ಕ ಹಾಕಿದರು. ತದ್ರೂಪಿಗಳಲ್ಲಿ ಇಬ್ಬರಿಗೂ ಟಿಬಿ ಬಂದದ್ದು ಸುಮಾರು ಶೇ. 30ರಷ್ಟು ಜೋಡಿಗಳಲ್ಲಿ. ಸಾಮಾನ್ಯ ಅವಳಿಗಳಲ್ಲಿ ಅದರ ಅರ್ಧ. ವಯಸ್ಸು, ಲಿಂಗ, ಒಟ್ಟಿಗೆ ವಾಸ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು. ಆದರೆ ಅದೇ ಅಂಕಿಗಳನ್ನು 2007ರಲ್ಲಿ ಮತ್ತೊಮ್ಮೆ ಜಾಲಾಡಿದವರು, ಜೀನ್‌ಗಿಂತ ಪರಿಸರದ ಪಾಲೇ ದೊಡ್ಡದು ಎಂದರು. ತದ್ರೂಪಿಗಳು ಒಬ್ಬರನ್ನೊಬ್ಬರು ಅಂಟಿಕೊಂಡು ಇರುವುದೇ ಜಾಸ್ತಿ ಅಲ್ವಾ, ಅಂಟುವ ಕಾಯಿಲೆಗೆ ಅಷ್ಟೇ ಸಾಕು.

ಒಂದು ಮಾತು ಇಲ್ಲಿ ಹೇಳಿಬಿಡಬೇಕು. ಅವಳಿಗಳಲ್ಲಿ ಕ್ಷಯದ ಮೊದಲ ದೊಡ್ಡ ಅಧ್ಯಯನ ನಡೆಸಿದವರಲ್ಲಿ ಒಬ್ಬ ಜರ್ಮನಿಯ ಓಟ್ಮಾರ್ ಫಾನ್ ಫೆರ್ಶೂರ್. ಮುಂದೆ ನಾಜಿಗಳ ಔಷ್‌ವಿಟ್ಸ್ ಶಿಬಿರದಲ್ಲಿ ಅವಳಿ ಮಕ್ಕಳ ಮೇಲೆ ಕ್ರೂರ ಪ್ರಯೋಗ ಮಾಡಿದ ಮೆಂಗೆಲೆಗೆ ಗುರು ಇವನೇ. 'ಕ್ಷಯ ಬರುವ ರಕ್ತ' ಎಂಬ ಮಾತು ಯಾವ ದಾರಿ ಹಿಡಿಯಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸಂಶೋಧಕರು ಈ ವಿಷಯದಲ್ಲಿ ಇವತ್ತಿಗೂ ಮೆತ್ತಗೆ ಮಾತಾಡುವುದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಸರಿ, ಜೀನ್ ಎನ್ನುತ್ತೇವೆ, ಅದು ಮಾಡುವುದಾದರೂ ಏನು? ಇದಕ್ಕೆ ಶ್ವಾಸಕೋಶದೊಳಗೆ ಹೋಗಬೇಕು.

ರೋಗಾಣು ಗಾಳಿಯ ಜೊತೆ ಒಳಗೆ ಬಂದು ಶ್ವಾಸಕೋಶದ ತುದಿಯ ಗಾಳಿಚೀಲಗಳಲ್ಲಿ ಕೂರುತ್ತದೆ. ಅಲ್ಲಿ ಮ್ಯಾಕ್ರೊಫೇಜ್ ಎಂಬ ಕೋಶಗಳು ಕಾದಿರುತ್ತವೆ. ಹೊರಗಿನದು ಏನು ಬಂದರೂ ನುಂಗಿ ಅರಗಿಸಿಕೊಳ್ಳುವುದು ಇವುಗಳ ಕೆಲಸ. ಟಿಬಿ ರೋಗಾಣುವನ್ನೂ ನುಂಗುತ್ತವೆ, ಆದರೆ ಅರಗಿಸಿಕೊಳ್ಳಲು ಆಗುವುದಿಲ್ಲ. ಮೇಣದಂಥ ದಪ್ಪ ಹೊದಿಕೆ ಇರುವ ಈ ರೋಗಾಣು ನುಂಗಿದವನ ಹೊಟ್ಟೆಯಲ್ಲೇ ಮನೆ ಮಾಡುತ್ತದೆ. ಆಗ ಮ್ಯಾಕ್ರೊಫೇಜ್ ಸಹಾಯಕ್ಕೆ ಕರೆಯುತ್ತದೆ. ಐಎಲ್-12 ಮತ್ತು ಐಎಲ್-23 ಎಂಬ ರಾಸಾಯನಿಕ ಸಂದೇಶಗಳನ್ನು ಬಿಡುತ್ತದೆ. ರೋಗಾಣುವಿನ ಚೂರುಗಳನ್ನು ತನ್ನ ಮೈಮೇಲೆ ಎತ್ತಿ ತೋರಿಸುತ್ತದೆ. ಹಾಗೆ ಎತ್ತಿ ತೋರಿಸುವ ಅಣುಗಳಿಗೆ ಎಚ್‌ಎಲ್‌ಎ ಎಂದು ಹೆಸರು. ಟಿ ಕೋಶಗಳು ಎಂಬ ರೋಗನಿರೋಧಕ ಕೋಶಗಳು ಇದನ್ನು ಗುರುತಿಸಿ ಇಂಟರ್‌ಫೆರಾನ್ ಗಾಮಾ ಎಂಬ ಮರುಸಂದೇಶ ಕಳಿಸುತ್ತವೆ. ಅದು ತಲುಪಿದ ಮೇಲೆಯೇ ಮ್ಯಾಕ್ರೊಫೇಜ್‌ಗೆ ಒಳಗಿರುವುದನ್ನು ಕೊಲ್ಲುವ ಬಲ ಬರುವುದು. ಟಿಎನ್‌ಎಫ್ ಎಂಬ ಇನ್ನೊಂದು ಸಂದೇಶ ಇದಕ್ಕೆ ಜೊತೆ ಕೊಡುತ್ತದೆ. ಕೊಲ್ಲಲು ಆಗದ ರೋಗಾಣುಗಳ ಸುತ್ತ ಕೋಶಗಳು ಗುಂಪುಗೂಡಿ ಗಂಟು ಕಟ್ಟುತ್ತವೆ. ಒಳಗಿರುವುದು ಒಳಗೇ ವರ್ಷಗಟ್ಟಲೆ ಬಿದ್ದಿರುತ್ತದೆ.

ಇದನ್ನು ಮನೆಯ ಕರೆಂಟ್ ಲೈನ್ ಎಂದುಕೊಳ್ಳಿ. ಕಂಬದಿಂದ ಬಲ್ಬಿನವರೆಗೆ ವೈರು ಎಲ್ಲಿ ತುಂಡಾದರೂ ದೀಪ ಹತ್ತುವುದಿಲ್ಲ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ವೈರು ತುಂಡಾಗಿರುತ್ತದೆ.

ಅದು ಮೊದಲು ಪತ್ತೆಯಾದದ್ದು 1996ರಲ್ಲಿ. ಮಾಲ್ಟಾ ದ್ವೀಪದ, ತಮ್ಮತಮ್ಮಲ್ಲಿ ಸಂಬಂಧವಿದ್ದ ಕೆಲವು ಮಕ್ಕಳಿಗೆ ವಿಚಿತ್ರ ಸೋಂಕು ತಗುಲಿತ್ತು. ಮಣ್ಣಲ್ಲಿ, ನೀರಲ್ಲಿ ಇರುವ, ಸಾಮಾನ್ಯವಾಗಿ ಯಾರಿಗೂ ತೊಂದರೆ ಕೊಡದ, ಟಿಬಿಯ ದಾಯಾದಿ ರೋಗಾಣುಗಳು ಆ ಮಕ್ಕಳನ್ನು ಕೊಲ್ಲುತ್ತಿದ್ದವು. ಹುಡುಕಿದಾಗ ಇಂಟರ್‌ಫೆರಾನ್ ಗಾಮಾವನ್ನು ಹಿಡಿದುಕೊಳ್ಳುವ ಗ್ರಾಹಕದ ಜೀನ್ ಕೆಟ್ಟಿತ್ತು. ಸಂದೇಶ ಬರುತ್ತಿತ್ತು, ಕೇಳುವ ಕಿವಿ ಇರಲಿಲ್ಲ. ಅದೇ ವರ್ಷ ಪ್ಯಾರಿಸ್‌ನ ಝಾನ್-ಲೋರಾನ್ ಕಸನೋವಾ ಅವರ ತಂಡ ಟ್ಯುನೀಶಿಯಾದ ಒಂದು ಮಗುವಿನಲ್ಲಿ ಇದೇ ಜೀನ್‌ನ ದೋಷ ಕಂಡಿತು. ಆ ಮಗುವಿಗೆ ಬಿಸಿಜಿ ಲಸಿಕೆಯಲ್ಲಿನ ದುರ್ಬಲ ರೋಗಾಣುವೇ ಮೈಯೆಲ್ಲ ಹರಡಿತ್ತು. ಅಲ್ಲಿಂದೀಚೆಗೆ ಇದೇ ಲೈನಿನಲ್ಲಿ ಹತ್ತಾರು ಜೀನ್‌ಗಳ ದೋಷಗಳು ಸಿಕ್ಕಿವೆ. ಹೆಚ್ಚಾಗಿ ಸಿಗುವುದು ಐಎಲ್-12ರ ಗ್ರಾಹಕದ ದೋಷ. ಇಂಥ ಕೆಲವು ಮಕ್ಕಳಿಗೆ ಬಿಸಿಜಿಯಿಂದ ಏನೂ ಆಗದೆ, ಮುಂದೆ ನಿಜವಾದ ಟಿಬಿ ತೀವ್ರವಾಗಿ ಬಂದದ್ದೂ ಇದೆ.

ಇವು ಬಹಳ ಅಪರೂಪ. ಆದರೂ ನಮ್ಮ ಕಡೆ ಗಮನಿಸಬೇಕಾದ ಸಂಗತಿ ಒಂದಿದೆ. ಇವುಗಳಲ್ಲಿ ಹೆಚ್ಚಿನವು ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ತಲೆ ಎತ್ತುತ್ತವೆ. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದೊಳಗೆ ಮದುವೆ ಆದಾಗ ಆ ಸಾಧ್ಯತೆ ಏರುತ್ತದೆ. ಕರ್ನಾಟಕದಲ್ಲಿ ಇವತ್ತಿಗೂ ನಾಲ್ಕರಲ್ಲಿ ಒಂದರಷ್ಟು ಮದುವೆಗಳು ರಕ್ತಸಂಬಂಧದಲ್ಲೇ ಆಗುತ್ತವೆ. ಬಿಸಿಜಿ ಹಾಕಿದ ಮೇಲೆ ಕಂಕುಳಲ್ಲಿ ಸಣ್ಣ ಗಂಟು ಬರುವುದು ಎಷ್ಟೋ ಮಕ್ಕಳಿಗೆ ಆಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಗಂಟುಗಳು ಮೈಯಲ್ಲೆಲ್ಲ ಹರಡಿ, ಜ್ವರ ಬಿಡದೆ, ಮಗು ಸೊರಗುತ್ತಿದ್ದರೆ ಅಥವಾ ಮನೆಯಲ್ಲಿ ಮೊದಲು ಒಂದು ಮಗು ಹೀಗೇ ಹೋಗಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಯಾವ ಜೀನ್ ಕೆಟ್ಟಿದೆ ಎಂದು ಗೊತ್ತಾದರೆ ಚಿಕಿತ್ಸೆಯೇ ಬದಲಾಗುತ್ತದೆ. ಐಎಲ್-12ರ ದಾರಿ ಕೆಟ್ಟಿದ್ದರೆ ಇಂಟರ್‌ಫೆರಾನ್ ಗಾಮಾವನ್ನು ಇಂಜೆಕ್ಷನ್ ಆಗಿ ಕೊಡಬಹುದು. ಗ್ರಾಹಕವೇ ಪೂರ್ತಿ ಇಲ್ಲದಿದ್ದರೆ ಆ ಇಂಜೆಕ್ಷನ್‌ನಿಂದ ಉಪಯೋಗವಿಲ್ಲ. ಅಸ್ಥಿಮಜ್ಜೆ ಕಸಿಯೇ ಗತಿ.

ಹಾಗಾದರೆ ಇದು ಕೆಲವೇ ನತದೃಷ್ಟ ಮಕ್ಕಳ ಕಥೆ ಮಾತ್ರವೇ? ಬಹಳ ದಿನ ಹಾಗೆಂದೇ ತಿಳಿದಿದ್ದರು. 2018ರಲ್ಲಿ ಕಸನೋವಾ ಅವರ ತಂಡವೇ ಮಧ್ಯದ ಒಂದು ಮೆಟ್ಟಿಲನ್ನು ತೋರಿಸಿತು. ಟಿವೈಕೆ2 ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಅದರ ಎರಡು ಪ್ರತಿ ಇರುವವರಲ್ಲಿ ಐಎಲ್-23ರ ಸಂದೇಶ ಸರಿಯಾಗಿ ದಾಟುವುದಿಲ್ಲ, ಇಂಟರ್‌ಫೆರಾನ್ ಗಾಮಾ ಕಡಿಮೆ ಹುಟ್ಟುತ್ತದೆ. ಯುರೋಪ್ ಮೂಲದವರಲ್ಲಿ ಸುಮಾರು 600ಕ್ಕೆ ಒಬ್ಬರು ಹೀಗಿದ್ದಾರೆ. ಅವರು ಉಳಿದೆಲ್ಲ ವಿಷಯದಲ್ಲೂ ಆರೋಗ್ಯವಂತರು. ಟಿಬಿ ಇಲ್ಲದ ಊರಲ್ಲಿ ಹುಟ್ಟಿದರೆ ಜೀವನಪೂರ್ತಿ ಏನೂ ಗೊತ್ತಾಗುವುದೇ ಇಲ್ಲ. ಬ್ರಿಟನ್ನಿನ ಬಯೋಬ್ಯಾಂಕ್ ಎಂಬ ದೊಡ್ಡ ದತ್ತಾಂಶ ಸಂಗ್ರಹದಲ್ಲಿ ನೋಡಿದಾಗಲೂ ಇಂಥವರಿಗೆ ಟಿಬಿ ಬಂದದ್ದು ಜಾಸ್ತಿ. ಯುರೋಪಿಯನ್ನರ ಟಿಬಿಯಲ್ಲಿ ಸುಮಾರು ನೂರಕ್ಕೆ ಒಂದು ಪ್ರಕರಣಕ್ಕೆ ಈ ಒಂದು ಬದಲಾವಣೆಯೇ ಕಾರಣ ಎಂಬುದು ಅವರ ಅಂದಾಜು.

ಇದರ ಇತಿಹಾಸ ನನಗೆ ಬಹಳ ಹಿಡಿಸಿತು. ಸಾವಿರಕ್ಕೂ ಹೆಚ್ಚು ಪ್ರಾಚೀನ ಯುರೋಪಿಯನ್ನರ ಮೂಳೆಗಳಿಂದ ತೆಗೆದ ಡಿಎನ್‌ಎಯಲ್ಲಿ ಈ ಬದಲಾವಣೆಯನ್ನು ಹುಡುಕಿದರು. ಅದು ಹುಟ್ಟಿದ್ದು ಸುಮಾರು 30 ಸಾವಿರ ವರ್ಷಗಳ ಹಿಂದೆ. ಸಾವಿರಾರು ವರ್ಷ ಜನರ ಮಧ್ಯೆ ಆರಾಮಾಗಿ ಹರಡಿತ್ತು. ಸುಮಾರು 2 ಸಾವಿರ ವರ್ಷಗಳಿಂದ ಈಚೆಗೆ ಅದು ದಿಢೀರನೆ ಕಡಿಮೆಯಾಗುತ್ತಾ ಬಂದಿದೆ. ಕಾರಣ ಊಹಿಸುವುದು ಕಷ್ಟವಲ್ಲ. ಅದನ್ನು ಹೊತ್ತವರು ಮಕ್ಕಳನ್ನು ಹೆರುವ ಮೊದಲೇ ಕ್ಷಯಕ್ಕೆ ಸಿಕ್ಕಿ ಸಾಯುತ್ತಿದ್ದರು. ಹಾಗಿದ್ದೂ ಪೂರ್ತಿ ಅಳಿಸಿಹೋಗಿಲ್ಲ. ಕಾರಣಗಳಲ್ಲಿ ಒಂದು, ಎರಡೂ ಪ್ರತಿ ಇದ್ದವರಿಗೆ ಮಾತ್ರ ಅಪಾಯ. ಒಂದೇ ಪ್ರತಿ ಇದ್ದವರ ಮೂಲಕ ಅದು ಸುಮ್ನೆ ಸಾಗುತ್ತಿರುತ್ತದೆ. ಇದೇ ಬದಲಾವಣೆ ಸೋರಿಯಾಸಿಸ್‌ನಂಥ, ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆಗಳಿಂದ ಕಾಪಾಡುತ್ತದೆ ಕೂಡ. 2022ರಲ್ಲಿ ಸೋರಿಯಾಸಿಸ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂದು ಮಾತ್ರೆ ಟಿವೈಕೆ2ವನ್ನೇ ತಡೆಯುತ್ತದೆ. ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಕೊಡುವ ಮೊದಲು ಡಾಕ್ಟರು ಟಿಬಿ ಪರೀಕ್ಷೆ ಮಾಡಿಸುವುದು ಇದಕ್ಕೇ. ಆ ಔಷಧಿ ಗಂಟನ್ನು ಸಡಿಲಿಸಿದರೆ ಒಳಗೆ ಮಲಗಿದ್ದ ಟಿಬಿ ಎದ್ದು ಬರುತ್ತದೆ. ಜೀನ್ ಕೆಟ್ಟರೂ ಔಷಧಿ ತಡೆದರೂ ತುಂಡಾಗುವುದು ಅದೇ ಲೈನ್.

ಇನ್ನು ಉಳಿದ ದೊಡ್ಡ ಪಾಲು ಜನರ ವಿಷಯ. ಇಲ್ಲಿ ಫಲಿತಾಂಶ ಅಷ್ಟು ಚಂದವಿಲ್ಲ. ಸಾವಿರಾರು ರೋಗಿಗಳ ಮತ್ತು ಆರೋಗ್ಯವಂತರ ಡಿಎನ್‌ಎ ಪೂರ್ತಿ ಜಾಲಾಡಿ ವ್ಯತ್ಯಾಸ ಹುಡುಕುವ ವಿಧಾನ ಒಂದಿದೆ. ಸಕ್ಕರೆ ಕಾಯಿಲೆಗೆ ಅದರಿಂದ ನೂರಾರು ಜಾಗಗಳು ಸಿಕ್ಕಿವೆ. ಟಿಬಿಗೆ ಘಾನಾದಲ್ಲಿ ಒಂದು, ರಷ್ಯಾದಲ್ಲಿ ಇನ್ನೊಂದು, ಐಸ್‌ಲ್ಯಾಂಡ್‌ನಲ್ಲಿ ಮತ್ತೊಂದು ಜಾಗ ಸಿಕ್ಕಿತು. ಒಂದು ದೇಶದಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣುವುದು ಅಪರೂಪ. 2024ರಲ್ಲಿ ಆಫ್ರಿಕಾ, ಏಷ್ಯಾ, ಯುರೋಪಿನ 14 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಒಟ್ಟು ಸೇರಿಸಿ ನೋಡಿದಾಗ ಗಟ್ಟಿಯಾಗಿ ಉಳಿದದ್ದು ಒಂದೇ ಜಾಗ, ಎಚ್‌ಎಲ್‌ಎ. ರೋಗಾಣುವಿನ ಚೂರನ್ನು ಎತ್ತಿ ತೋರಿಸುವ ಅದೇ ಅಣುಗಳು.

ದಕ್ಷಿಣ ಭಾರತದವರಿಗೆ ಇದು ಹೊಸ ಸುದ್ದಿಯೇನಲ್ಲ. ಮದುರೈ ಕಾಮರಾಜ್ ವಿಶ್ವವಿದ್ಯಾಲಯದ ಪಿಚಪ್ಪನ್ ಮತ್ತು ಜೊತೆಗಾರರು 1990ರ ದಶಕದ ಆರಂಭದಲ್ಲೇ, ಡಿಆರ್2 ಎಂಬ ಎಚ್‌ಎಲ್‌ಎ ನಮೂನೆ ಇಲ್ಲಿನ ಶ್ವಾಸಕೋಶದ ಟಿಬಿ ರೋಗಿಗಳಲ್ಲಿ ಜಾಸ್ತಿ ಎಂದು ಬರೆದಿದ್ದರು. ಇಡೀ ಡಿಎನ್‌ಎ ಜಾಲಾಡುವ ವಿಧಾನ ಇನ್ನೂ ಇಲ್ಲದ ಕಾಲದ ಕೆಲಸ ಅದು.

ಉಳಿದದ್ದೆಲ್ಲ ಏಕೆ ಸಿಗುತ್ತಿಲ್ಲ? ಕಾರಣಗಳು ಹಲವು. ಆರೋಗ್ಯವಂತ ಎಂದು ಪಟ್ಟಿಯಲ್ಲಿ ಸೇರಿಸಿದವನು ರೋಗಾಣುವನ್ನು ಎಂದಾದರೂ ಎದುರಿಸಿದ್ದನೇ ಎಂಬುದೇ ಗೊತ್ತಿರುವುದಿಲ್ಲ. ಪರೀಕ್ಷೆ ಬರೆಯದವನನ್ನು ಪಾಸಾದವರ ಜೊತೆ ಸೇರಿಸಿದಂತೆ ಆಗುತ್ತದೆ. ರೋಗಾಣುವೂ ಎಲ್ಲ ಕಡೆ ಒಂದೇ ಅಲ್ಲ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಇರುವ ತಳಿ ಬೇರೆ, ಉತ್ತರದಲ್ಲಿ ಬೇರೆ, ಚೀನಾದಲ್ಲಿ ಬೇರೆ. ಒಂದು ತಳಿಯ ಎದುರು ದುರ್ಬಲವಾದ ಜೀನ್ ಇನ್ನೊಂದರ ಎದುರು ಗಟ್ಟಿಯಾಗಿರಬಹುದು. ಮಗುವಿನ ಮೆದುಳಿಗೆ ಬರುವ ಟಿಬಿಗೂ ಅರವತ್ತರ ವಯಸ್ಸಿನಲ್ಲಿ ಶ್ವಾಸಕೋಶಕ್ಕೆ ಮರುಕಳಿಸುವ ಟಿಬಿಗೂ ಹೆಸರೊಂದೇ, ದಾರಿ ಬೇರೆ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರೆ ಎಲ್ಲವೂ ಮಸುಕು.

ಅದಕ್ಕೇ ಈಗ ಕೆಲವರು ಪ್ರಶ್ನೆಯನ್ನೇ ತಿರುಗಿಸಿದ್ದಾರೆ. ಯಾರಿಗೆ ಕಾಯಿಲೆ ಬಂತು ಎಂದು ಕೇಳುವ ಬದಲು, ಯಾರಿಗೆ ಸೋಂಕೇ ತಗುಲಲಿಲ್ಲ ಎಂದು ಹುಡುಕುತ್ತಿದ್ದಾರೆ. ಉಗಾಂಡಾದಲ್ಲಿ ರೋಗಿಯ ಜೊತೆ ಒಂದೇ ಕೋಣೆಯಲ್ಲಿ ಮಲಗಿದವರು, ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ವರ್ಷಗಟ್ಟಲೆ ದುಡಿದವರು, ಇವರಲ್ಲಿ ಕೆಲವರಿಗೆ ಎಷ್ಟು ಸಲ ಪರೀಕ್ಷೆ ಮಾಡಿದರೂ ನೆಗೆಟಿವ್ ಬರುತ್ತದೆ. ಅವರ ಮೈ ಏನು ಮಾಡುತ್ತಿದೆ ಎಂದು ತಿಳಿದರೆ ಲಸಿಕೆಗೆ ದಾರಿ ಸಿಗಬಹುದು.

ಇಷ್ಟೆಲ್ಲ ಓದಿದ ಮೇಲೆ, 'ನಮ್ಮ ಮನೆತನಕ್ಕೆ ಕ್ಷಯ ಇದೆ' ಎಂಬ ಮಾತನ್ನು ಹೇಗೆ ತೆಗೆದುಕೊಳ್ಳಬೇಕು? ನನ್ನ ಪ್ರಕಾರ ಮೊದಲು ಜಾರ್ಖಂಡ್‌ನಲ್ಲಿ ನಡೆದ ಒಂದು ಪ್ರಯೋಗ ನೋಡಬೇಕು. ನಡೆಸಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಹಾಗೂ ಅವರ ತಂಡ. 2019ರಿಂದ 2022ರವರೆಗೆ 2,800 ಟಿಬಿ ರೋಗಿಗಳನ್ನೂ ಅವರ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನೂ ಸೇರಿಸಿಕೊಂಡರು. ರೋಗಿಗಳಿಗೆಲ್ಲ ಆಹಾರ ಸಿಕ್ಕಿತು. ಆದರೆ ಅರ್ಧ ಮನೆಗಳಲ್ಲಿ ಮಾತ್ರ ಮನೆಯ ಉಳಿದವರಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇ. 39ರಿಂದ 48ರಷ್ಟು ಕಡಿಮೆಯಾಯಿತು. ಎರಡು ಗುಂಪಿನ ಜನರೂ ಅದೇ ಸೀಮೆಯವರು. ರೋಗಾಣು ಎರಡೂ ಕಡೆ ಮನೆಯೊಳಗೇ ಇತ್ತು. ಯಾರ ಜೀನ್ ಅನ್ನೂ ಯಾರೂ ಮುಟ್ಟಲಿಲ್ಲ. ಬದಲಾದದ್ದು ತಟ್ಟೆ ಮಾತ್ರ.

ಸಾಮಾನ್ಯ ಜೀನ್ ವ್ಯತ್ಯಾಸ ಒಂದೊಂದೂ ಅಪಾಯವನ್ನು ಒಂದಿಷ್ಟು ಏರಿಸುತ್ತದೆ, ಅಷ್ಟೇ. ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಎರಡು ಮೂರು ಪಟ್ಟಾಗುತ್ತದೆ. ಎಚ್‌ಐವಿ ಇದ್ದರೆ ಇನ್ನೂ ಎಷ್ಟೋ ಪಟ್ಟು. ಸೊರಗಿದ ಮೈ, ಬೀಡಿ ಸಿಗರೇಟು, ಕುಡಿತ ಇವೆಲ್ಲ ಅದೇ ಸಾಲಿನವು. ಹಾಗಾಗಿ ಅಪ್ಪನಿಗೆ ಟಿಬಿ ಬಂದಿತ್ತು ಎಂದು ಮಗಳ ಸಂಬಂಧ ಮುರಿಯುವುದಕ್ಕೆ ವಿಜ್ಞಾನದ ಬೆಂಬಲ ಇಲ್ಲ. ಮನೆಯಲ್ಲಿ ಒಬ್ಬರಿಗೆ ಟಿಬಿ ಎಂದು ಗೊತ್ತಾದಾಗ ಉಳಿದವರೆಲ್ಲ ಪರೀಕ್ಷೆ ಮಾಡಿಸಿ, ಅಗತ್ಯ ಇದ್ದವರು ತಡೆಗಟ್ಟುವ ಮಾತ್ರೆ ತೆಗೆದುಕೊಳ್ಳಲು ಮಾತ್ರ ಬೆಂಬಲ ಇದೆ. ಟಿಬಿ ಬರುತ್ತದೋ ಇಲ್ಲವೋ ಎಂದು ಹೇಳುವ ಜೀನ್ ಟೆಸ್ಟ್ ಇದೆ ಎಂದು ಯಾರಾದರೂ ಮಾರಲು ಬಂದರೆ ದುಡ್ಡು ಉಳಿಸಿಕೊಳ್ಳಿ.

ಜೀನ್‌ನಿಂದ ಈಗಾಗಲೇ ಉಪಯೋಗ ಆಗಬಹುದಾದ ಜಾಗ ಇನ್ನೊಂದು ಕಡೆ ಇದೆ, ಚಿಕಿತ್ಸೆಯಲ್ಲಿ. 1952ರಿಂದ ಬಳಕೆಯಲ್ಲಿರುವ ಐಸೋನಿಯಾಜಿಡ್ ಎಂಬ ಟಿಬಿ ಮಾತ್ರೆಯನ್ನು ಪಿತ್ತಜನಕಾಂಗದಲ್ಲಿ ನ್ಯಾಟ್2 ಎಂಬ ಕಿಣ್ವ ಒಡೆಯುತ್ತದೆ. ಈ ಕಿಣ್ವದ ಜೀನ್‌ನ ನಮೂನೆಗೆ ತಕ್ಕಂತೆ ಕೆಲವರು ಬೇಗ ಒಡೆಯುತ್ತಾರೆ, ಕೆಲವರು ನಿಧಾನ. 1960ರ ಆಸುಪಾಸಿನಲ್ಲೇ ಮದ್ರಾಸಿನ ಟಿಬಿ ಕೇಂದ್ರದವರು ದಕ್ಷಿಣ ಭಾರತೀಯರಲ್ಲಿ ಸುಮಾರು ಶೇ. 60ರಷ್ಟು ಜನ ನಿಧಾನದವರು ಎಂದು ಕಂಡುಕೊಂಡಿದ್ದರು. ನಿಧಾನದವರ ಮೈಯಲ್ಲಿ ಔಷಧಿ ಹೆಚ್ಚು ಹೊತ್ತು ನಿಲ್ಲುತ್ತದೆ. ಒಳ್ಳೆಯದೇ, ಆದರೆ ಲಿವರ್‌ಗೆ ಪೆಟ್ಟು ಬೀಳುವ ಸಾಧ್ಯತೆ ಅವರಲ್ಲೇ ಜಾಸ್ತಿ. ಬೇಗ ಒಡೆಯುವವರಿಗೆ ವಾರಕ್ಕೊಮ್ಮೆ ಔಷಧಿ ಕೊಟ್ಟು ನೋಡಿದಾಗ ಗುಣವಾಗುವುದು ಕಡಿಮೆಯಾಯಿತು. ದಿನವೂ ಕೊಟ್ಟರೆ ಆ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ವಾರಕ್ಕೆ ಮೂರು ದಿನ ಕೊಡುತ್ತಿದ್ದ ಸರ್ಕಾರಿ ಕಾರ್ಯಕ್ರಮ 2017ರಲ್ಲಿ ದೇಶದಾದ್ಯಂತ ದಿನನಿತ್ಯದ ಮಾತ್ರೆಗೆ ಬದಲಾಯಿತು. ನ್ಯಾಟ್2 ನೋಡಿ ಪ್ರಮಾಣ ಹೊಂದಿಸಿದರೆ ಲಿವರ್ ತೊಂದರೆ ಕಡಿಮೆ ಆಗುತ್ತದೆ ಎಂದು ಜಪಾನಿನ ಒಂದು ಪ್ರಯೋಗ ತೋರಿಸಿದೆ. ನಮ್ಮ ಟಿಬಿ ಚಿಕಿತ್ಸೆಯಲ್ಲಿ ಆ ಪರೀಕ್ಷೆ ಇನ್ನೂ ರೂಢಿಯಲ್ಲಿಲ್ಲ. ಅಲ್ಲಿಯವರೆಗೆ ಮಾತ್ರೆ ಶುರುವಾದ ಮೇಲೆ ವಾಂತಿ, ಊಟ ಸೇರದಿರುವುದು, ಕಣ್ಣು ಹಳದಿಯಾಗುವುದು ಕಂಡರೆ ತಾವೇ ಮಾತ್ರೆ ಬಿಟ್ಟು ಮನೆಯಲ್ಲಿ ಕೂರದೆ, ಅದೇ ದಿನ ಡಾಕ್ಟರಿಗೆ ತೋರಿಸಿ ಲಿವರ್ ಟೆಸ್ಟ್ ಮಾಡಿಸಬೇಕು.